ಎಸೆಯುವ ಚೀಲ

ವಿಳಾಸ ತಪ್ಪಿರಬಹುದೇ? ಕಚೇರಿಯವರು ಹಿಂದೆಯೂ ಎಡವಟ್ಟು ಮಾಡಿದ್ದುಂಟು. ಒಮ್ಮೆ ಅವರ ಮಾತು ನಂಬಿ ಇವರು ಪಕ್ಕದ ಮನೆಯ ಸೋಫಾ ಹೊತ್ತು ತಂದು ಬೈಸಿಕೊಂಡಿದ್ದರು. ಮೂರನೇ ಮಹಡಿಯ ಬಾಗಿಲ ಮುಂದೆ ಅವನು ಚೀಟಿಯನ್ನು ಮತ್ತೊಮ್ಮೆ ಓದಿದ. ಅಕ್ಷರಗಳು ಬದಲಾಗಲಿಲ್ಲ.

“ಅಕ್ಕ, ಒಂದ್ಸಲ ಫೋನ್ ಮಾಡಿ ಕೇಳೋಣ್ವಾ?”

“ನಂಬರ್ ಸರಿ ಇದೆ, ಅವರು ಕೊಟ್ಟ ಕೀಲಿಗೆ ಬೀಗಾನೂ ತೆರೀತು. ಇನ್ನೇನು ಕೇಳ್ತೀಯಾ?” ಮೇಸ್ತ್ರಿ ಅಕ್ಕ ಬಾಗಿಲು ತಳ್ಳಿದಳು. ಅದು ಕದಲಲಿಲ್ಲ. ಅವನು ಮುಂದೆ ಬಂದು, ಹಿಡಿಯನ್ನು ತುಸು ಮೇಲಕ್ಕೆತ್ತಿ ನೂಕಿದ. ತೆರೆದುಕೊಂಡಿತು.

“ಕೆಲಸ ಬಲ್ಲವನ ಕೈ ನೋಡು,” ಎಂದು ಅಕ್ಕ ಹಿಂದೆ ನಿಂತಿದ್ದ ವ್ಯಾನ್ ಡ್ರೈವರನ ಕಡೆ ತಿರುಗಿದಳು. ಅಷ್ಟರಲ್ಲಿ ಒಳಗಿನ ವಾಸನೆ ಹೊರಬಂತು. ಮೂವರೂ ಮಾಸ್ಕ್ ಎಳೆದುಕೊಂಡರು.

ಗಲೀಜು ಹಿಡಿದ ಮನೆಗಳನ್ನು ಖಾಲಿ ಮಾಡಿ ತೊಳೆದುಕೊಡುವುದು ಅವರ ಕೆಲಸ. ಮನೆ ಯಾರದೆಂದು ಕಚೇರಿ ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ. ಹೆಸರಿರುವ ಕಾಗದವನ್ನು ಓದದೆ ಹರಿದು ಕಟ್ಟಬೇಕು. ಬಾಗಿಲು ತೆರೆದವನ ಅಡ್ಡಹೆಸರು ಕನ್ನಡಿ. ಅವನು ಒರೆಸಿದ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಕೆಲಸ ಬಿಡುತ್ತಿರುವ ಅಕ್ಕನಿಗೆ ಇದು ಕೊನೆಯ ಮನೆ. ಇದನ್ನು ಅವನು ನಡೆಸಿದ ರೀತಿ ನೋಡಿ, ನಾಳೆಯಿಂದ ಮೇಸ್ತ್ರಿ ಯಾರೆಂದು ಸಂಜೆ ಕಚೇರಿಗೆ ಬರೆದುಕೊಡುತ್ತಾಳೆ. ಅವನು ಏಳು ವರ್ಷ ಕಾದ ಜಾಗ ಅದು.

ಒಂದೇ ಕೋಣೆ, ಒಂದು ಮೂಲೆಯಲ್ಲಿ ಅಡುಗೆ. ಹಾಸಿಗೆಯಿಂದ ಬಾಗಿಲಿಗೆ ಒಬ್ಬ ಅಡ್ಡಡ್ಡ ನಡೆಯುವಷ್ಟು ಹಾದಿ. ಉಳಿದದ್ದೆಲ್ಲ ಎದೆಯೆತ್ತರ: ಕಾಲು ಮುರಿದ ಕುರ್ಚಿ, ನಿಂತ ಗಡಿಯಾರಗಳು, ಗಂಟು ಗಂಟು ಪ್ಲಾಸ್ಟಿಕ್ ಚೀಲ. ಊಟದ ಡಬ್ಬಿಗಳಲ್ಲಿ ನೀಲಿ ಬೂಷ್ಟು. ಸಿಂಕಿನ ಕಪ್ಪು ನೀರಿನಲ್ಲಿ ಏನೋ ಮಿಸುಕಾಡುತ್ತಿತ್ತು. ಡ್ರೈವರ್ ದಿಂಬು ಎತ್ತಿದ. ಜಿರಲೆಗಳು ಅವನ ತೋಳಿಗೇ ಹತ್ತಿದವು.

“ಥೂ! ಇಲ್ಲಿ ಮನುಷ್ಯ ಮಲಗ್ತಾನಾ?”

“ಮಲಗ್ತಾನೆ, ಮಗ್ಗುಲು ಬದಲಾಯ್ಸಲ್ಲ, ಅಷ್ಟೇ,” ಎಂದಳು ಅಕ್ಕ. “ಬದಲಾಯ್ಸಿದ್ರೆ ಗಡಿಯಾರ ಮೈಮೇಲೆ ಬೀಳುತ್ತೆ.”

ಡ್ರೈವರ್ ನಕ್ಕ. ಕನ್ನಡಿ ನಗಲಿಲ್ಲ. ಎಷ್ಟೋ ಮನೆ ನೋಡಿದ್ದ. ಸತ್ತ ಇಲಿಯನ್ನು ಬರಿಗೈಲಿ ಎತ್ತಿದವನು. ಇಷ್ಟು ಅಸಹ್ಯ ಎಂದೂ ಆಗಿರಲಿಲ್ಲ. ಇದನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂಬುದೇ ತಡೆಯಲಾರದ ಹಾಗಿತ್ತು.

“ಇಂಥವನಿಗೆ ನಾಚಿಕೆ ಅನ್ನೋದು ಇರುತ್ತಾ ಕನ್ನಡಿ?” ಡ್ರೈವರ್ ಕೇಳಿದ.

“ಇರುತ್ತೆ. ಅದಕ್ಕೇ ಯಾರನ್ನೂ ಒಳಗೆ ಕರೆದಿಲ್ಲ. ಚೀಲ ತಾ.”

ಇಡುವ ಚೀಲ, ಕೊಡುವ ಚೀಲ, ಎಸೆಯುವ ಚೀಲ. ಅವನು ಮೂರನ್ನೂ ಬಾಗಿಲ ಬಳಿ ನಿಲ್ಲಿಸಿದ. ಕಾಗದಗಳನ್ನು ತಾನೇ ನೋಡಿಕೊಳ್ಳುತ್ತೇನೆಂದ. ಒಡೆಯದ ಲಕೋಟೆಗಳೇ ಒಂದು ರಾಶಿ. ಮೂರರ ಮೇಲೆ ಕೆಂಪು ಅಕ್ಷರದಲ್ಲಿ ಮನೆ ಖಾಲಿ ಮಾಡುವ ನೋಟೀಸು. ಅವನು ಬೇಗ ಬೇಗ ಹರಿದು ಕಟ್ಟಿದ.

“ಅಕ್ಕ, ಈ ಹಸಿರು ಕುರ್ಚಿ ಹೋದ ತಿಂಗಳು ಆ ಮೇಷ್ಟ್ರ ಮನೆಯಿಂದ ಎಸೆದ್ವಲ್ಲ, ಅದೇ ತರ ಇಲ್ವಾ?” ಎಂದ ಡ್ರೈವರ್.

ಅಕ್ಕ ಕುರ್ಚಿಯನ್ನು ನೋಡಿದಳು. ತುಸು ಹೆಚ್ಚೇ ಹೊತ್ತು ನೋಡಿದಳು. “ಕಸ ಎಲ್ಲಾ ಮನೇಲೂ ಒಂದೇ ತರ ಕಣೋ. ಹೊರು.”

ಎದುರು ಮನೆಯ ಹೆಂಗಸು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಇಣುಕಿದಳು. “ಅಬ್ಬಾ, ಕೊನೆಗೂ ಬಂದ್ರಲ್ಲ! ನಮ್ಮ ಮನೆಗೆ ನೆಂಟರು ಬರೋದೇ ನಿಂತುಹೋಗಿತ್ತು. ಎಲ್ಲಿ ಆ ಮಹಾರಾಯ?”

“ನಮಗೇನು ಗೊತ್ತಮ್ಮ?” ಎಂದಳು ಅಕ್ಕ.

“ನಸುಕಲ್ಲಿ ಹೋದ್ರೆ ಕತ್ತಲಾದ ಮೇಲೆ ಬರ್ತಾನೆ. ಸರಿಯಾಗಿ ಮುಖ ನೋಡಿದವರಿಲ್ಲ. ಹೆಂಡ್ತಿ ಇದ್ದಾಗ ಹೀಗಿರಲಿಲ್ಲ ಅಂತಾರೆ.”

ಕನ್ನಡಿ ಗೋಡೆಗೆ ಮುಖ ಮಾಡಿ ಸಿಂಕು ಉಜ್ಜುತ್ತಿದ್ದ. ಹೆಂಗಸು ಹೋಗುವವರೆಗೂ ಒಂದೇ ಜಾಗವನ್ನು ಉಜ್ಜಿದ.

ಮಂಚದ ಕೆಳಗೆ, ಎಲ್ಲದರ ಹಿಂದೆ, ಒಂದು ರಟ್ಟಿನ ಡಬ್ಬಿ. ಒಳಗೆ ಹೆಂಗಸರ ಒಂದು ಜೊತೆ ಚಪ್ಪಲಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು. ಧೂಳಿಲ್ಲ. ಆ ಮನೆಯಲ್ಲಿ ಶುಚಿಯಾಗಿದ್ದ ವಸ್ತು ಅದೊಂದೇ. ಡ್ರೈವರ್ ಅದನ್ನು ಎತ್ತಿ ಹಿಡಿದ.

“ಇಡೋದಾ, ಎಸೆಯೋದಾ?”

“ಕನ್ನಡೀನೇ ಕೇಳು,” ಎಂದಳು ಅಕ್ಕ. “ಇವತ್ತು ತೀರ್ಮಾನ ಅವನದು.”

ಕನ್ನಡಿ ಚಪ್ಪಲಿಗೆ ಬಟ್ಟೆಯನ್ನು ಮತ್ತೆ ಸುತ್ತಿ ಡಬ್ಬಿ ಮುಚ್ಚಿದ. ಹೊರಗೆ ಯಾರೋ ಮೆಟ್ಟಿಲು ಇಳಿದು ಹೋದರು. ಸದ್ದು ಕೊನೆಯವರೆಗೂ ಕೇಳಿಸಿತು.

“ಹಾಕ್ಕೊಳ್ಳೋರು ಇಲ್ಲ,” ಎಂದ. “ಎಸಿ.”

ನಾಲ್ಕು ಗಂಟೆಗೆ ಕೋಣೆ ಬರಿದಾಯಿತು. ನೆಲ ಹೊಳೆಯಿತು. ಕಿಟಕಿಯ ಬೆಳಕು ಗೋಡೆಯವರೆಗೆ ಬಂತು. ಇಷ್ಟು ಚಿಕ್ಕ ಜಾಗ ಇಷ್ಟು ದೊಡ್ಡದಿತ್ತೇ ಎಂದು ಡ್ರೈವರ್ ಬೆರಗಾದ. ಅಕ್ಕ ಮೂಲೆಗಳಲ್ಲಿ ಬೆರಳಾಡಿಸಿ ನೋಡಿದಳು. ಬೆರಳಿಗೆ ಏನೂ ಅಂಟಲಿಲ್ಲ.

ಡ್ರೈವರ್ ಚೀಲ ಹೊತ್ತು ಕೆಳಗಿಳಿದ ಮೇಲೆ ಅವಳು ಮಾಸ್ಕ್ ಜಾರಿಸಿದಳು. “ವ್ಯಾನ್ ಇನ್ನೂ ಹೊರಟಿಲ್ಲ ಕಣೋ. ನಿನಗೆ ಬೇಕಾದ್ದು ಏನಾದ್ರೂ ಇದ್ರೆ ಈಗ್ಲೇ ಹೇಳು. ನಾನೇನೂ ಅಂದ್ಕೊಳ್ಳಲ್ಲ.”

“ಈ ಗಲೀಜಲ್ಲಿ ನನಗೇನು ಬೇಕು ಅಕ್ಕ?”

ಅವಳು ಪೆನ್ನು ತೆಗೆದಳು. ಚೀಟಿಯ ಹಿಂದೆ ಅವನ ಹೆಸರು ಬರೆದು ಸಹಿ ಹಾಕಿದಳು. ಬಾಗಿಲಿಗೆ ಹೊಸ ಬೀಗ ಜಡಿದು, ಕೀಲಿಯನ್ನು ಕಚೇರಿಯ ಲಕೋಟೆಗೆ ಹಾಕಿದಳು.

ದಿನವೂ ಇಳಿಯುವ ತಿರುವಿನಲ್ಲೇ ಅವನು ಇಳಿದ. “ಹೋಗಿ ಸ್ನಾನ ಮಾಡು ಮೇಸ್ತ್ರಿ, ನಾರ್ತಾ ಇದ್ದೀಯಾ!” ಎಂದು ಡ್ರೈವರ್ ಕೂಗಿದ. ವ್ಯಾನ್ ಕಸದ ಗುಂಡಿಯ ರಸ್ತೆಗೆ ಹೊರಳುವವರೆಗೂ ಅವನು ಕೈ ಬೀಸುತ್ತಿದ್ದ.

ಅವರು ಬೀಗ ಹಾಕಿ ಬಂದದ್ದು ತನ್ನ ಮನೆಗೇ ಎಂದು ಅವನು ಹೇಳಲಿಲ್ಲ.