ಪಾರಿಯ ನೀಲಿ ಬೆಳಕು

ಮಕ್ಕಳು ತೀರಿಕೊಂಡರೂ, ಬಸಿರಿನಲ್ಲಿದ್ದಾಗ ಸೇರಿದ ಅವರ ಕೆಲವು ಜೀವಕೋಶಗಳು ತಾಯಿಯ ರಕ್ತದಲ್ಲಿ ಉಳಿದಿರುತ್ತವೆ. ಅವನ್ನು ನೋಡಲು ಗದಗಿನ ತಾಯಂದಿರು ಮಂಗಳವಾರ ಲ್ಯಾಬಿಗೆ ಹೋಗುತ್ತಾರೆ. ಕಸ್ತೂರವ್ವನೂ ವರ್ಷದಿಂದ ಹೋಗುತ್ತಿದ್ದಳು. ಯಂತ್ರದ ಪರದೆಯ ಮೇಲೆ ಅವಳ ಕೋಶಗಳು ಬೂದು ಹನಿಗಳಾಗಿ ಸುರಿಯುತ್ತಿದ್ದವು. ನಡುವೆ ಒಮ್ಮೆ ಮಗಳು ಪಾರಿ ನೀಲಿಯಾಗಿ ಮಿನುಗುತ್ತಿದ್ದಳು.

ಇಂದು ರಕ್ತ ತೆಗೆಯಲು ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಶಾಹೀನ್. ಕಸ್ತೂರವ್ವ ಕೈ ಚಾಚಿ ಕೇಳಿದಳು, “ನೋಡಿದ ಮ್ಯಾಲೆ ನನ್ನ ಪಾರೀನ್ನ ಎಲ್ಲಿ ಇಡ್ತೀರಿ, ಯವ್ವಾ?”

“ಇಡೂದು ಎಲ್ಲೀದ್ರಿ ಅಕ್ಕಾರ? ಕೋಶ ಸುಟ್ಟಾಗನ ಆ ಬೆಳಕು ಕಾಣತೈತ್ರಿ.”

“ಒಳಗ ಇನ್ನ ಎಷ್ಟ ಅದಾವ?”

“ಸುಡಲಾರದ ಎಣಸಾಕ ಬರೂದಿಲ್ರಿ.”

ಕಸ್ತೂರವ್ವ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದಳು.

ಹೊರಗೆ ಬಸ್ಸುಗಳು ನುಗ್ಗುತ್ತಿದ್ದವು. ತನ್ನ ಎಡಗೈಯನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದು, ಎರಡೂ ಕಡೆ ನೋಡಿ, ಮೆಲ್ಲಗೆ ಮಗಳನ್ನು ರಸ್ತೆ ದಾಟಿಸಿದಳು.