ತಾಳಿ ಹೊತ್ತ ಕಾರು

ಮುಹೂರ್ತಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಮೈದುನನ ಮದುವೆಯ ತಾಳಿ ನಳಿನಿ ಓಡಿಸುತ್ತಿದ್ದ ಕಾರಿನಲ್ಲಿತ್ತು. ಕಾರು ಮಾತ್ರ ದೇವಸ್ಥಾನದ ಗುಡ್ಡ ಹತ್ತಲೊಲ್ಲದು. ಆಕ್ಸಿಲರೇಟರ್ ಒತ್ತಿದಷ್ಟೂ ಉಬ್ಬಸ ಬಂದವರಂತೆ ಏದುಸಿರು ಬಿಡುತ್ತಿತ್ತು.

"ನಿನ್ನೆ ನಾನೇ ಕೂತು ಹೊಸ ಏರ್ ಫಿಲ್ಟರ್ ಹಾಕಿದೀನಿ. ಕಾರಿಂದೇನೂ ತಪ್ಪಿಲ್ಲ, ನಿನ್ನ ಕಾಲಿಗೇ ಧೈರ್ಯ ಸಾಲದು," ಎಂದರು ಪಕ್ಕದಲ್ಲಿದ್ದ ಮಾವ.

"ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಹುಡುಗನಿಗೆ ಮಕ್ಕಳೇ ಆಗಿರೋವು!" ಎಂದರು ಹಿಂದೆ ತಾಳಿಯ ತಟ್ಟೆ ಹಿಡಿದು ಕೂತಿದ್ದ ಅತ್ತೆ.

ನಳಿನಿ ಕಾರು ನಿಲ್ಲಿಸಿ ಇಳಿದು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ, ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಫಿಲ್ಟರಿನ ಡಬ್ಬಿ ತೆರೆದಳು. ಒಳಗೆ ನೋಡಿದವಳಿಗೆ ನಗು ತಡೆಯಲಾಗಲಿಲ್ಲ. ಏನನ್ನೋ ಕಿತ್ತು, ಡಬ್ಬಿ ಮುಚ್ಚಿ, ಬಂದು ಕೂತಳು.

ಕಾರು ಜಿಗಿಯಿತು. ಅತ್ತೆ ಕೇಕೆ ಹಾಕಿದರು. ಗುಡ್ಡದ ಮೇಲಿನ ನಾದಸ್ವರ ಕಿವಿಗೆ ಬಿದ್ದಾಗ ಮುಹೂರ್ತಕ್ಕೆ ಇನ್ನೂ ಸಮಯವಿತ್ತು.

"ಏನಾಗಿತ್ತಮ್ಮ?" ಎಂದರು ಮಾವ.

ನಳಿನಿ ಒಂದು ಪ್ಲಾಸ್ಟಿಕ್ ಕವರನ್ನು ಅವರ ಕೈಗಿಟ್ಟಳು. "ಫಿಲ್ಟರನ್ನ ಕವರ್ ಸಮೇತ ಕೂರಿಸಿದ್ರಿ, ಮಾವ. ಪಾಪ, ಕಾರು ಉಸಿರಾಡೋದು ಎಲ್ಲಿಂದ?"

ಮಾವನಿಗೆ ಗಾಬರಿಯಾಯಿತು. "ಬಿಚ್ಚಿಬಿಟ್ಯಾ? ಹೊಸ ಫಿಲ್ಟರಮ್ಮ ಅದು, ಧೂಳಾಗಲ್ವಾ!"