ಎಂಟನೇ ಸಾಲು

ಅಂಟು ಸವರಿದ ಹಾಳೆಯನ್ನು ಕೋರ್ಟಿನ ನೋಟಿಸ್ ಬೋರ್ಡಿಗೆ ಒತ್ತುತ್ತ ಬಂದ ಅಟೆಂಡರಮ್ಮನ ಅಂಗೈ ಎಂಟನೇ ಸಾಲಿನ ಹತ್ತಿರ ನಿಂತಿತು. ವಿಚ್ಛೇದನದ ಅರ್ಜಿ. ಅರ್ಜಿದಾರನ ಜಾಗದಲ್ಲಿ ಅವಳ ಗಂಡನ ಹೆಸರು. ಎದುರುದಾರಳ ಜಾಗದಲ್ಲಿ ಅವಳದು, ಇನಿಷಿಯಲ್ ಸಮೇತ.

ದಿನದ ಕೇಸುಗಳ ಪಟ್ಟಿಯನ್ನು ಹತ್ತು ವರ್ಷದಿಂದ ಅವಳೇ ಅಂಟಿಸುತ್ತಿದ್ದಳು. ಒಂದು ದಿನವೂ ಓದಿದವಳಲ್ಲ. "ಊರವರ ಜಗಳ ಎಲ್ಲಾ ಓದ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ?" ಎಂದು ಗಂಡನ ಮುಂದೆ ಎಷ್ಟು ಸಲ ನಕ್ಕಿದ್ದಳೋ. ಮನೆಗೆ ಬರುವ ಟಪಾಲು ತೆಗೆದುಕೊಳ್ಳುವವನು ಅವನೇ. ಬೆಳಿಗ್ಗೆ ಊಟದ ಡಬ್ಬಿ ತುಂಬಿ ಕೈಗೆ ಕೊಟ್ಟವನೂ ಅವನೇ. ಇವತ್ತು ಹಾಳೆಯ ನಡುವೆ ಗಾಳಿ ಸಿಕ್ಕಿ ಗುಳ್ಳೆ ಎದ್ದಿತ್ತು. ಅದನ್ನು ಒತ್ತಲೆಂದು ಮುಖ ಹತ್ತಿರ ತಂದಿದ್ದಳು, ಅಷ್ಟೇ.

ಅವಳು ಗುಳ್ಳೆಯನ್ನು ಒತ್ತಿ ಕೂರಿಸಿದಳು. ನಾಲ್ಕು ಅಂಚನ್ನೂ ಎಂದಿನಂತೆ ಬೆರಳಿನಿಂದ ತೀಡಿದಳು.

"ಅಮ್ಮಾ, ಕನ್ನಡಕ ಮರೆತು ಬಂದೆ. ನನ್ನ ಕಾಂಪೌಂಡ್ ಗೋಡೆ ಕೇಸು ಎಷ್ಟನೇದು, ಸ್ವಲ್ಪ ನೋಡು" ಎಂದು ಹಿಂದೆ ನಿಂತಿದ್ದ ಮುದುಕ ತನ್ನ ಹೆಸರು ಹೇಳಿದ.

"ಒಂಬತ್ತನೇದು, ತಾತ."

"ಅದಕ್ಕೆ ಮುಂಚೆ ಯಾರದು?"

"ಗಂಡ ಹೆಂಡತೀದು."

"ಅವರು ಬರದೇ ಇದ್ರೆ ಒಳ್ಳೇದಿತ್ತು. ನನ್ನದು ಬೇಗ ಕೂಗ್ತಿದ್ರು."

ಬೆರಳಿಗೆ ಹತ್ತಿದ್ದ ಅಂಟು ಒಣಗಿತ್ತು. ಅವಳು ಅದನ್ನು ಉಜ್ಜಿ ಉಜ್ಜಿ ತೆಗೆದಳು.

"ಹೆಂಡತಿ ಬಂದಿದಾಳೆ, ತಾತ."